ಎಡಗಡೆಯ ಡ್ರಮ್

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಬಂದ ಲಾರಿಗಳ ಅಡಿಯಲ್ಲಿ ಮಲಗಿ ಮಲಗಿಯೇ ಜಟ್ಟಿಂಗಪ್ಪ ಮೋಟಾರು ರಿಪೇರಿ ಕಲಿತಿದ್ದ. ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಾಗ ಸಾಗರಕ್ಕೆ ಬಂದು ಜೋಗ ರಸ್ತೆಯಲ್ಲಿ ಒಂದು ಶೆಡ್ಡು ಹಾಕಿಕೊಂಡ. ಊರಲ್ಲಿ ಆಗ ಕಾರು ಇದ್ದದ್ದೇ ಬೆರಳೆಣಿಕೆಯಷ್ಟು. ಅದರಲ್ಲಿ ವಕೀಲ ಮಹಾಗಣಪತಿ ಹೆಗಡೆಯವರ ಲ್ಯಾಂಡ್‌ಮಾಸ್ಟರ್ ಒಂದು. ಹೆಗಡೆಯವರು ಡ್ರೈವರನ್ನು ಇಟ್ಟುಕೊಂಡಿರಲಿಲ್ಲ, ತಾವೇ ಓಡಿಸುತ್ತಿದ್ದರು. ಕಾರಿನಲ್ಲಿ ಏನು ಕೆಟ್ಟರೂ ಯಾಕೆ ಕೆಟ್ಟಿತು ಅನ್ನುವುದನ್ನು ಅವರಿಗೆ ಬಿಡಿಸಿ ಹೇಳಬೇಕಿತ್ತು. ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳಿದ ಹಾಗೆ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿದ್ದರು.

ಆ ವರ್ಷ ಮಾಘ ಮಾಸದಲ್ಲಿ ಅವರು ಕಾರು ತಂದು ನಿಲ್ಲಿಸಿದಾಗ ಬ್ರೇಕು ಒತ್ತಿದರೆ ಮುಂದಿನ ಚಕ್ರದಿಂದ ಕರಕರ ಸದ್ದು ಬರುತ್ತಿತ್ತು. ಜಟ್ಟಿಂಗಪ್ಪ ಎರಡೂ ಮುಂಚಕ್ರ ಬಿಚ್ಚಿ ಡ್ರಮ್ ಕಳಚಿದ. ಚಕ್ರದ ಜೊತೆಗೇ ತಿರುಗುವ ಎರಕದ ಕಬ್ಬಿಣದ ಬೋಗುಣಿಯಂಥದ್ದು ಈ ಡ್ರಮ್. ಬ್ರೇಕು ಒತ್ತಿದಾಗ ಒಳಗಿನ ಎರಡು ಶೂಗಳು ಅಗಲವಾಗಿ ಇದರ ಗೋಡೆಗೆ ಒತ್ತಿಕೊಳ್ಳುತ್ತವೆ, ಆ ತಿಕ್ಕಾಟಕ್ಕೆ ಚಕ್ರ ನಿಲ್ಲುತ್ತದೆ. ಶೂಗಳ ಮೇಲೆ ರಿವೆಟ್ಟು ಹೊಡೆದು ಕೂರಿಸಿದ ಲೈನಿಂಗ್ ಪಟ್ಟಿ ಸವೆದು ಸವೆದು ರಿವೆಟ್ಟಿನ ತಲೆಗಳು ಹೊರಬಂದಿದ್ದವು. ಅವು ಗೋಡೆಯ ಮೇಲೆ ನೇಗಿಲು ಹೊಡೆದ ಹಾಗೆ ಗೀರು ಹಾಕಿದ್ದವು. ಬಲಗಡೆಯ ಗೀರು ಮೇಲುಮೇಲಿನದು. ಎಡಗಡೆಯದಕ್ಕೆ ಉಗುರು ಇಟ್ಟರೆ ಸಿಕ್ಕಿಕೊಳ್ಳುತ್ತಿತ್ತು.

ಲೈನಿಂಗ್ ಹೊಸದು ಹಾಕಿದರೆ ಸಾಲದೇ ಎಂದು ಹೆಗಡೆಯವರು ಕೇಳಿದರು. ಗೀರು ಬಿದ್ದ ಗೋಡೆ ಹೊಸ ಲೈನಿಂಗನ್ನೂ ತಿಂದುಹಾಕುತ್ತದೆ, ಲೇತಿಗೆ ಕೊಟ್ಟು ಹೆರೆಸಿ ನುಣುಪು ಮಾಡಿಸಬೇಕು ಎಂದು ಜಟ್ಟಿಂಗಪ್ಪ ಹೇಳಿದ. ಹಾಗಾದರೆ ಎರಡನ್ನೂ ಲೇತಿಗೆ ಕೊಡು ಎಂದರು. ಅದಕ್ಕೂ ಒಂದು ಮಿತಿಯಿದೆ ಎಂದ. ಪ್ರತಿ ಸಲ ಹೆರೆದಾಗಲೂ ಗೋಡೆ ತೆಳ್ಳಗಾಗುತ್ತದೆ. ತೆಳ್ಳಗಿನ ಗೋಡೆ ಬೇಗ ಕಾಯುತ್ತದೆ, ಕಾದರೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಒತ್ತಿದಷ್ಟೂ ಕೆಳಗೆ ಹೋಗುತ್ತದೆ, ಬ್ರೇಕು ಮಾತ್ರ ಹಿಡಿಯುವುದಿಲ್ಲ. ಘಾಟಿಯ ಇಳಿಜಾರಿನಲ್ಲಿ ಬಿರುಕು ಬಿಟ್ಟರೂ ಬಿಟ್ಟಿತು. ಎಡಗಡೆಯದನ್ನು ಹಿಂದೆ ಯಾರೋ ಎರಡು ಸಲ ಹೆರೆಸಿದ್ದಾರೆ, ಈಗ ಈ ಗೀರು ಹೋಗುವಷ್ಟು ಹೆರೆದರೆ ಮಿತಿ ದಾಟುತ್ತದೆ.

ಹೊಸ ಜೋಡಿ ಬೆಂಗಳೂರಿನಿಂದ ಬರಬೇಕಾದರೆ ಹದಿನೈದು ದಿನ ಹಿಡಿಯುತ್ತಿತ್ತು. ಹೆಗಡೆಯವರಿಗೆ ಅಷ್ಟು ಬಿಡುವಿರಲಿಲ್ಲ. ತಾಯಿ ಮೂಕಮ್ಮನವರ ಹಳೆಯ ಹರಕೆಯೊಂದು ಉಡುಪಿಯಲ್ಲಿ ಬಾಕಿ ಇತ್ತು, ಶನಿವಾರಕ್ಕೆ ದಿನ ಗೊತ್ತಾಗಿತ್ತು. ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಒಂದು ಕೆಲಸ ಮುಗಿಸಿ, ತೀರ್ಥಹಳ್ಳಿಯಲ್ಲಿ ತಂಗಿಯ ಮನೆಯಲ್ಲಿ ರಾತ್ರಿ ಉಳಿದು, ಮಾರನೆಯ ಬೆಳಗ್ಗೆ ಆಗುಂಬೆ ಘಾಟಿ ಇಳಿಯುವುದೆಂದು ನಿಶ್ಚಯವಾಗಿತ್ತು.

"ನಿನ್ನ ತಾಯೀನ ಕೂರಿಸ್ಕೊಂಡು ಘಾಟಿ ಇಳಿಯೋದಾದ್ರೆ ನೀನು ಯಾವುದು ಹಾಕ್ತಿದ್ದೆ, ಜಟ್ಟಿಂಗಪ್ಪ?" ಎಂದು ಅವರು ಕೇಳಿದರು.

ಜಟ್ಟಿಂಗಪ್ಪನಿಗೆ ಇನ್ನೊಂದು ಕಾರು ನೆನಪಾಯಿತು. ಅಕ್ಕಿ ಗಿರಣಿಯ ಹಿಂದೆ ಕಂಟ್ರಾಕ್ಟರೊಬ್ಬರ ಇದೇ ಮಾದರಿಯ ಕಾರು ಮೂರು ವರ್ಷದಿಂದ ಮಣ್ಣು ತಿನ್ನುತ್ತಿತ್ತು. ಮರಕ್ಕೆ ಗುದ್ದಿ ಹಿಂಭಾಗ ಹಾಳಾಗಿತ್ತು, ಆದರೆ ಬಹಳ ಓಡಿದ ಕಾರಲ್ಲ. ಅದರ ಡ್ರಮ್ ಚೆನ್ನಾಗಿದ್ದರೆ ಎಡಗಡೆಗೆ ಅದನ್ನು ಹಾಕಿ, ಎರಡೂ ಕಡೆ ಒಂದೇ ಅಳತೆಗೆ ಹೆರೆಸುತ್ತೇನೆ ಎಂದ. ಅಳತೆ ಹೆಚ್ಚುಕಮ್ಮಿಯಾದರೆ ಬ್ರೇಕು ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ ಎಂದೂ ಹೇಳಿದ. ಹೆಗಡೆಯವರು ಒಪ್ಪಿದರು.

ಗಿರಣಿಯವರನ್ನು ಕೇಳಿ ಅವನು ಆ ಡ್ರಮ್ ಬಿಚ್ಚಿ ತಂದ. ಹಗ್ಗಕ್ಕೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದ. ಗಂಟೆಯ ಹಾಗೆ ದನಿ ಎಳೆದು ಬಂತು, ಅಂದರೆ ಎಲ್ಲೂ ಬಿರುಕಿಲ್ಲ. ಕ್ಯಾಲಿಪರ್ ಇಟ್ಟು ನಾಲ್ಕು ಕಡೆ ಅಳೆದ, ಎಲ್ಲೂ ಮೊಟ್ಟೆಯಾಕಾರ ಬಂದಿರಲಿಲ್ಲ. ಇಂಚಿನ ಸಾವಿರದ ಒಂದು ಪಾಲಿಗೆ ಲೇತಿನವರು ಥೌ ಅನ್ನುತ್ತಾರೆ. ಇದರಲ್ಲಿ ಸವೆತ ಐದು ಥೌ ಕೂಡ ಇರಲಿಲ್ಲ. ಲೇತಿನ ಬೆಳ್ಳಪ್ಪ ಮೂರನ್ನೂ ಇಟ್ಟುಕೊಂಡ. ಬಲಗಡೆಯದು ಮತ್ತು ಗಿರಣಿಯದು ಒಂದೇ ಅಳತೆಗೆ ಸರಿಯಾಗಿ ಬಂದವು. ಎಡಗಡೆಯ ಹಳೆಯದನ್ನೂ ಒಂದು ಕೈ ನೋಡೋಣವೆಂದು ಹೆರೆದ. ಗೀರು ಹೋಯಿತು, ಗೋಡೆಯೂ ಹೋಯಿತು. ಇದು ಗುಜರಿಗೇ ಸೈ ಎಂದು ಅದರ ಬೆನ್ನಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಕೊಟ್ಟ.

ತಪ್ಪಾದದ್ದು ಆಮೇಲೆ. ಗುರುವಾರ ಮಧ್ಯಾಹ್ನ ಜಟ್ಟಿಂಗಪ್ಪ ತುಕ್ಕು ಹಿಡಿಯದಿರಲೆಂದು ಡ್ರಮ್‌ಗಳ ಹೊರಮೈಗೆ ಕಪ್ಪು ಬಣ್ಣ ಬಳಿದ. ಬಣ್ಣ ಉಳಿದಿತ್ತು, ಬೇರೆ ಏನನ್ನೋ ಯೋಚಿಸುತ್ತ ಮೂರಕ್ಕೂ ಬಳಿದುಬಿಟ್ಟ. ಅಡ್ಡಗೆರೆ ಬಣ್ಣದ ಕೆಳಗೆ ಹೋಯಿತು. ಸಂಜೆ ಜೋಡಿಸುವಾಗ ಲೈನಿಂಗು ಡ್ರಮ್ಮಿಗೆ ಹತ್ತಿರ ಬರುವ ತನಕ ಶೂಗಳನ್ನು ಹೊರಕ್ಕೆ ತಳ್ಳುವ ಅಡ್ಜಸ್ಟರ್ ತಿರುಗಿಸಿದ. ಬಲಕ್ಕಿಂತ ಎಡಕ್ಕೆ ನಾಲ್ಕು ಕ್ಲಿಕ್ ಹೆಚ್ಚು ಬೇಕಾಯಿತು. ಒಂದು ಗಳಿಗೆ ಕೈ ನಿಂತಿತು. ಹೊಸ ಲೈನಿಂಗ್, ದಪ್ಪದಲ್ಲಿ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ ಅಂದುಕೊಂಡು ಚಕ್ರ ಹಾಕಿದ. ಬೀದಿಯಲ್ಲಿ ಮೆಲ್ಲಗೆ ಓಡಿಸಿ ನೋಡಿದಾಗ, ಬ್ರೇಕು ಇನ್ನೂ ಕಾದಿರದ್ದರಿಂದ, ಕಾರು ನೇರವಾಗಿಯೇ ನಿಂತಿತು. ಹೆಗಡೆಯವರು ತೆಗೆದುಕೊಂಡು ಹೋದರು.

ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಶೆಡ್ಡು ಗುಡಿಸುವಾಗ ಉಳಿದ ಡ್ರಮ್ಮನ್ನು ಗುಜರಿಯ ಮೂಲೆಗೆ ಹಾಕೋಣವೆಂದು ಎತ್ತಿದ. ಎಣಿಸಿದ್ದಕ್ಕಿಂತ ಕೈಗೆ ಭಾರವಾಗಿತ್ತು. ಕ್ಯಾಲಿಪರ್ ತಂದು ಅಳೆದ. ಒಂದು ಸಲ ಅಳೆದು ಸಾಲದೆ ಒರೆಸಿ ಮತ್ತೆ ಅಳೆದ. ಕೈಯಲ್ಲಿದ್ದದ್ದು ಗಿರಣಿಯ ಡ್ರಮ್. ತೆಳ್ಳಗಿನದು ಹೆಗಡೆಯವರ ಕಾರಿನಲ್ಲಿ ಹೊಸನಗರದ ದಾರಿಯಲ್ಲಿತ್ತು.

ಅಂಚೆ ಕಚೇರಿಗೆ ಓಡಿ ಹೊಸನಗರದ ತಾಲ್ಲೂಕು ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿದ. ಲೈನು ಸಿಗಲಿಲ್ಲ. ಮುಕ್ಕಾಲು ಗಂಟೆ ಕಾದ, ಆಗಲೂ ಸಿಗಲಿಲ್ಲ. ಅಷ್ಟರಲ್ಲಿ ಒಂಬತ್ತೂವರೆಯ ಬಸ್ಸು ತಪ್ಪಿತು. ಶೆಡ್ಡಿಗೆ ವಾಪಸು ಬಂದು ಡ್ರಮ್ಮನ್ನು ಗೋಣಿಚೀಲದಲ್ಲಿ ಸುತ್ತಿ, ಜಾಕು, ಸ್ಪ್ಯಾನರು, ಕ್ಯಾಲಿಪರ್ ಇನ್ನೊಂದು ಚೀಲಕ್ಕೆ ತುಂಬಿಕೊಂಡು ಹನ್ನೊಂದರ ಬಸ್ಸು ಹತ್ತಿದ. ಡ್ರಮ್ಮನ್ನು ಮೇಲೆ ಹಾಕುತ್ತೇನೆಂದು ಕಂಡಕ್ಟರ್ ಹೇಳಿದರೂ ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡ.

ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟುವ ಹೊತ್ತಿಗೆ ಗಾಬರಿ ಸ್ವಲ್ಪ ಇಳಿಯಿತು. ತೀರ್ಥಹಳ್ಳಿಯವರೆಗೆ ಏನೂ ಆಗುವುದಿಲ್ಲ, ಆ ರಸ್ತೆಯಲ್ಲಿ ಬ್ರೇಕು ಕಾಯುವಷ್ಟು ಉದ್ದದ ಇಳಿಜಾರಿಲ್ಲ ಎಂದು ಸಮಾಧಾನ ಮಾಡಿಕೊಂಡ. ಅಪಾಯವಿದ್ದದ್ದು ನಾಳೆ ಆಗುಂಬೆಯಲ್ಲಿ. ಮನಸ್ಸು ಇಷ್ಟು ತಣ್ಣಗಾದ ಕೂಡಲೇ ಬೇರೆ ಯೋಚನೆ ಶುರುವಾಯಿತು. ಹೆಗಡೆಯವರಿಗೆ ಏನು ಹೇಳುವುದು? ಊರಿನ ಕಾರಿನವರೆಲ್ಲ ಅವರನ್ನು ಕೇಳಿಯೇ ಶೆಡ್ಡಿಗೆ ಬರುವವರು. ಹೊಸ ಲೈನಿಂಗ್ ಕೂತುಕೊಂಡ ಮೇಲೆ ಅಡ್ಜಸ್ಟರನ್ನು ಇನ್ನೊಮ್ಮೆ ನೋಡಬೇಕು ಎನ್ನುವುದು ಸುಳ್ಳಲ್ಲ. ಅದಕ್ಕೇ ಬಂದೆ ಅಂದರೆ ಮುಗಿಯಿತು. ಚಕ್ರ ಬಿಚ್ಚಿದಾಗ ಡ್ರಮ್ ಬದಲಿಸಿಬಿಡಬಹುದು, ಎರಡೂ ಕಪ್ಪು ಬಣ್ಣದವೇ. ಯಾರಿಗೆ ಗೊತ್ತಾಗಬೇಕು?

ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಜವಾನ ಹೂವಯ್ಯ ವಕೀಲರು ಹೊರಟು ಅರ್ಧ ಗಂಟೆಯಾಯಿತು ಎಂದ. ಮುಂದಿನ ಬಸ್ಸು ಮೂರಕ್ಕೆ. ಅಲ್ಲಿಯವರೆಗೆ ಜಟ್ಟಿಂಗಪ್ಪ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿದು ಕಾದ. ತೀರ್ಥಹಳ್ಳಿ ಮುಟ್ಟಿದಾಗ ಐದು ಗಂಟೆ. ಹೆಗಡೆಯವರ ತಂಗಿಯ ಗಂಡ ವಿಘ್ನೇಶ್ವರ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟರು, ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾರು ಅಂಗಳದಲ್ಲೇ ನಿಂತಿತ್ತು. ಗೋಣಿಚೀಲವನ್ನು ಗೇಟಿನ ಬದಿಗಿಟ್ಟು ಒಳಗೆ ಹೋದ.

ಹೆಗಡೆಯವರು ಜಗಲಿಯಲ್ಲಿ ಭಾವನ ಜೊತೆ ಕೂತಿದ್ದರು. ಬಸ್ಸಿನಲ್ಲಿ ಕಟ್ಟಿಕೊಂಡ ಮಾತನ್ನು ಜಟ್ಟಿಂಗಪ್ಪ ತಡವರಿಸದೆ ಒಪ್ಪಿಸಿದ. ಘಾಟಿ ಇಳಿಯುವ ಮೊದಲು ಅಡ್ಜಸ್ಟರ್ ಒಮ್ಮೆ ನೋಡಿಬಿಡೋಣ ಅಂತ ಬಂದೆ ಎಂದ. ಹೆಗಡೆಯವರು ಅದನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ಮೇಷ್ಟರ ಕಡೆ ತಿರುಗಿ ಹೊಗಳತೊಡಗಿದರು. ಒಂದು ಅಡ್ಜಸ್ಟರ್ ತಿರುಗಿಸುವುದಕ್ಕೆ ಎರಡು ಬಸ್ಸು ಬದಲಿಸಿ ಬಂದಿದ್ದಾನೆ, ಇಂಥ ಕೆಲಸಗಾರ ಶಿವಮೊಗ್ಗದಲ್ಲೂ ಸಿಗುವುದಿಲ್ಲ ಎಂದರು. ಒಳಗಿಂದ ಮೂಕಮ್ಮನವರು ಬಂದರು. ಎಪ್ಪತ್ತೈದು ದಾಟಿದ, ಬೆನ್ನು ಬಾಗಿದ ಹೆಂಗಸು. ಇವನು ಯಾಕೆ ಬಂದ ಎನ್ನುವುದನ್ನು ಕೇಳಿ ತಿಳಿದು, ನಾಳೆ ಪೂಜೆಯಲ್ಲಿ ನಿನ್ನ ಹೆಸರೂ ಹೇಳಿಸುತ್ತೇನೆ, ನಿನ್ನ ಪೂರ್ತಿ ಹೆಸರು ಏನಪ್ಪ ಎಂದು ಕೇಳಿದರು.

ಜಟ್ಟಿಂಗಪ್ಪನ ಬಾಯಿಂದ ಹೆಸರು ಬರಲಿಲ್ಲ. ಗೇಟಿನ ತನಕ ಹೋಗಿ ಗೋಣಿಚೀಲ ಎತ್ತಿಕೊಂಡು ಬಂದು ಜಗಲಿಯ ಮೆಟ್ಟಿಲ ಮೇಲಿಟ್ಟ.

"ನಾನು ಹೇಳಿದ್ದು ಸುಳ್ಳು, ಹೆಗ್ಡೇರೇ. ಎಡಗಡೆಗೆ ಹಾಕ್ಬೇಕಾಗಿದ್ದು ಇದು. ಹಾಕಿರೋದು ಗುಜರೀದು."

ಅವನು ಬಣ್ಣ ಬಳಿದದ್ದು, ಗೆರೆ ಮುಚ್ಚಿಹೋದದ್ದು, ಬೆಳಗ್ಗೆ ಭಾರ ಕೈಗೆ ತಿಳಿದದ್ದು ಎಲ್ಲ ಹೇಳಿದ. ಹೆಗಡೆಯವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಗೊತ್ತಾಗಿದ್ದು ಬೆಳಗ್ಗೆ ಅಂದೆ. ನಿನ್ನೆ ಜೋಡಿಸುವಾಗ ಏನೂ ಅನುಮಾನ ಬರಲಿಲ್ವಾ?"

ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಸುಳ್ಳೆಂದು ತೋರಿಸುವವರು ಯಾರೂ ಇರಲಿಲ್ಲ.

"ಬಂತು," ಎಂದ ಜಟ್ಟಿಂಗಪ್ಪ. "ನಾಲ್ಕು ಕ್ಲಿಕ್ ಹೆಚ್ಚು ಹೋಯ್ತು. ಆಗ್ಲೇ ಬಂತು. ಹೊತ್ತಾಗಿತ್ತು, ಬಿಚ್ಚಿ ನೋಡ್ಲಿಲ್ಲ."

ಹೆಗಡೆಯವರ ಮುಖ ಕೆಂಪಾಯಿತು. ಬಣ್ಣ ಬಳಿದದ್ದು ಮರೆವು, ಅದನ್ನು ಯಾರೂ ಮಾಡಬಹುದು. ಅನುಮಾನ ಬಂದ ಮೇಲೂ ಚಕ್ರ ಹಾಕಿದ್ದು ಮರೆವಲ್ಲ ಎಂದು ತಗ್ಗಿದ ದನಿಯಲ್ಲೇ ಹೇಳಿದರು. ಆ ತಗ್ಗಿದ ದನಿ ಜಟ್ಟಿಂಗಪ್ಪನನ್ನು ಬೈಗುಳಕ್ಕಿಂತ ಹೆಚ್ಚು ಕುಗ್ಗಿಸಿತು. ಅವರು ಎದ್ದು ಅಂಗಳದ ಆ ತುದಿಗೆ ಹೋಗಿ ಬೆನ್ನು ಹಾಕಿ ನಿಂತರು.

ಮೂಕಮ್ಮನವರು ಮಗನ ಬೆನ್ನಿಗೆ ಹೇಳಿದರು. "ಇದ್ದಿದ್ದನ್ನ ಇದ್ದಾಂಗೇ ಹೇಳಿದ್ದ. ಇನ್ನು ಸಿಟ್ಟು ಮಾಡಿ ಎಂತ ಪ್ರಯೋಜನ ಇದ್ದು? ಬೆಳಕಿದ್ದಾಗ್ಲೇ ಕೆಲಸ ಆಗ್ಲಿ."

ಜಟ್ಟಿಂಗಪ್ಪ ಜಾಕು ಇಟ್ಟ. ಚಕ್ರ ಬಿಚ್ಚಿ, ಎರಡು ತಿರುಪು ತೆಗೆದು ಡ್ರಮ್ ಎಳೆದ. ಸ್ವಲ್ಪ ಹೊತ್ತಿಗೆ ಹೆಗಡೆಯವರೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಕ್ಯಾಲಿಪರ್ ಕೇಳಿ ಇಸಿದುಕೊಂಡು, ಹೇಗೆ ಹಿಡಿಯುವುದೆಂದು ತೋರಿಸಿಕೊಂಡು, ಎರಡನ್ನೂ ತಾವೇ ಅಳೆದರು. ಕಣ್ಣಿಗೆ ಎರಡೂ ಒಂದೇ. ಅಳತೆಯಲ್ಲಿ ತೆಳ್ಳಗಿನದು ಮಿತಿಗಿಂತ ಇಪ್ಪತ್ತು ಥೌ ಆಚೆಗಿತ್ತು. ಇಪ್ಪತ್ತು ಥೌ ಅಂದರೆ ಎಷ್ಟು ಎಂದು ಕೇಳಿದರು. ನಾಲ್ಕೈದು ಕಾಗದದ ಹಾಳೆ ಒಟ್ಟಿಗೆ ಇಟ್ಟಷ್ಟು ಎಂದ. ಹೆಗಡೆಯವರು ಗೋಡೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

ಅಡ್ಜಸ್ಟರನ್ನು ನಾಲ್ಕು ಕ್ಲಿಕ್ ಹಿಂದಕ್ಕೆ ತಿರುಗಿಸಿದ ಮೇಲೆ ಗಿರಣಿಯ ಡ್ರಮ್ ಕೂತಿತು. ಆಗುಂಬೆ ರಸ್ತೆಯಲ್ಲಿ ಅರ್ಧ ಮೈಲಿ ಓಡಿಸಿ ನೋಡಿ ಬರುವಷ್ಟರಲ್ಲಿ ಹೊತ್ತು ಮುಳುಗಿತು, ಕಡೆಯ ಬಸ್ಸೂ ಹೋಗಿತ್ತು. ಊಟ ಹಾಕಿ ಜಗಲಿಯಲ್ಲಿ ಚಾಪೆ ಕೊಟ್ಟರು. ಹೆಗಡೆಯವರು ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು, "ನಾಳೆ ನೀನೂ ಕಾರಲ್ಲಿ ಕೂತ್ಕೋ. ಘಾಟಿ ಇಳಿದ ಮೇಲೆ ವಾಪಸ್ ಹೋಗು," ಎಂದರು. ಇನ್ನು ನಿನ್ನ ಮಾತಿನ ಮೇಲೆ ಹೋಗುವುದಿಲ್ಲ ಎಂಬ ಅರ್ಥ ಅದರಲ್ಲಿತ್ತು. ಜಟ್ಟಿಂಗಪ್ಪ ಆಗಲಿ ಎಂದ.

ಬೆಳಗ್ಗೆ ಘಾಟಿಯ ಅರ್ಧದಲ್ಲಿ, ತಿರುವಿನ ಪಕ್ಕ ಜಾಗ ಇದ್ದಲ್ಲಿ ಜಟ್ಟಿಂಗಪ್ಪ ಕಾರು ನಿಲ್ಲಿಸಲು ಹೇಳಿದ. ಇಳಿದು ಎರಡೂ ಮುಂಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿದ. ಎರಡೂ ಕಾದಿದ್ದವು, ಎರಡೂ ಒಂದೇ ಸಮ. ಹೆಗಡೆಯವರೂ ಇಳಿದು ಬಂದು ಕೈ ಒಡ್ಡಿ ನೋಡಿ, ಗೇರು ಕಡಿಮೆ ಮಾಡಿ ಇಳಿಸುತ್ತೇನೆ ಎಂದು ತಾವಾಗಿಯೇ ಹೇಳಿದರು. ಘಾಟಿಯ ಬುಡದ ಸೋಮೇಶ್ವರದಲ್ಲಿ ಅವನನ್ನು ಇಳಿಸಿದಾಗ ಮೂಕಮ್ಮನವರು ಕಿಟಕಿಯಿಂದ ಎರಡು ಬಾಳೆಹಣ್ಣು ಕೊಟ್ಟು, ನಿನ್ನೆ ನಿನ್ನ ಹೆಸರು ಹೇಳಿದೆಯಲ್ಲ, ನೆನಪಿದೆ ಎಂದರು. ಅವನು ಹೇಳಿರಲಿಲ್ಲ. ಈಗ ಹೇಳಿದ.

ಸಾಗರಕ್ಕೆ ಬಂದ ದಿನವೇ ತೆಳ್ಳಗಿನ ಡ್ರಮ್ಮನ್ನು ಶೆಡ್ಡಿನ ಹಿಂದೆ ಇಟ್ಟು ದೊಡ್ಡ ಸುತ್ತಿಗೆಯಿಂದ ಮೂರು ಹೋಳು ಮಾಡಿದ. ಹೆಗಡೆಯವರು ಒಂದು ತಿಂಗಳು ಈ ಕಡೆ ಸುಳಿಯಲಿಲ್ಲ. ಇನ್ನು ಬರುವುದಿಲ್ಲ ಎಂದೇ ಅವನು ತಿಳಿದಿದ್ದ. ಒಂದು ಸೋಮವಾರ ಬೆಳಗ್ಗೆ ಕಾರು ಬಂದು ನಿಂತಿತು. ಬೆಂಗಳೂರಿಗೆ ಹೊಸ ಜೋಡಿಗೆ ಬರೆದು ಹಾಕು ಎಂದರು. ಮಳೆಗಾಲಕ್ಕೆ ಮುಂಚೆ ಹೊಸ ಜೋಡಿ ಬಂತು. ಆ ದಿನ ಹೆಗಡೆಯವರು ಕೋರ್ಟಿಗೆ ಹೋಗುವುದನ್ನು ಬಿಟ್ಟು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಶೆಡ್ಡಿನ ಮಣೆಯ ಮೇಲೆ ಕೂತು ಎರಡನ್ನೂ ನಾಲ್ಕು ನಾಲ್ಕು ಕಡೆ ಅಳೆದರು. ಆಮೇಲೆ ಕ್ಯಾಲಿಪರನ್ನು ಜಟ್ಟಿಂಗಪ್ಪನ ಕೈಗೆ ಕೊಟ್ಟರು. ಅವನೂ ಅಳೆದ. ಇಬ್ಬರ ಲೆಕ್ಕವೂ ತಾಳೆಯಾದ ಮೇಲೆ ಜೋಡಿಸುವ ಕೆಲಸ ಶುರುವಾಯಿತು.