ವಸಂತಿಗೆ ಗೊತ್ತಿದ್ದ ಗೋಡೆ

ಗಲ್ಫಿನಲ್ಲಿ, ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರ ಆರನೇ ಮಾಳಿಗೆಯಲ್ಲಿ ವಸಂತಿ ಹದಿನಾಲ್ಕು ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದಳು. ಆ ಜೂನಿನಲ್ಲಿ ಹಾಲ್‌ನ ಎ.ಸಿ. ಗೋಡೆಯಿಂದ ಸಡಿಲಗೊಂಡು ಬಲಕ್ಕೆ ವಾಲಿತು, ಸೋಫಾದ ಮೇಲೆ ನೀರು ತೊಟ್ಟಿಕ್ಕತೊಡಗಿತು. ರಿಪೇರಿಯವರು ಬರಲು ಒಂದು ವಾರವಾದೀತು ಎಂದು ವಾಚ್‌ಮನ್ ಕೈಚೆಲ್ಲಿದ. ವಸಂತಿ ತನ್ನ ಪರಿಚಯದ ಮೆಕ್ಯಾನಿಕ್‌ಗೆ ಫೋನು ಮಾಡಲು ಹೊರಟಾಗ ಗಂಡ ಕೊರಗಪ್ಪ ತಡೆದ.

"ಬೇಡ ಮಾರಾಯ್ತಿ. ಶನಿವಾರ ಅಕ್ಷಿತಾ ಬರ್ತಾಳಲ್ಲ, ಅವಳೇ ಮಾಡ್ತಾಳೆ."

ಅಕ್ಷಿತಾ ಎಂದರೆ ಕೊರಗಪ್ಪನ ತಮ್ಮ ಸುಮಿತ್‌ನ ಹೆಂಡತಿ, ಮದುವೆಯಾಗಿ ಎರಡು ವರ್ಷ. ದುಬೈಯ ಅಲ್ ಕೂಜ್‌ನಲ್ಲಿ ಅಡುಗೆಮನೆಯ ಕಪಾಟುಗಳನ್ನು ಮಾಡಿ ಕೂರಿಸುವ ಕಂಪೆನಿಯೊಂದರಲ್ಲಿ ಸೂಪರ್‌ವೈಸರ್. ಅವಳ ಕಾರಿನ ಡಿಕ್ಕಿಯಲ್ಲಿ ಡ್ರಿಲ್ ಮೆಷಿನ್ ಯಾವಾಗಲೂ ಇರುತ್ತಿತ್ತು. ಕೊರಗಪ್ಪ ಅದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಸುಮಿತ್ ಕೆಲಸ ಹುಡುಕಿಕೊಂಡು ಬಂದವನು ಇದೇ ಹಾಲ್‌ನಲ್ಲಿ ನಾಲ್ಕು ವರ್ಷ ಮಲಗಿದ್ದ. ಅವನ ವೀಸಾದ ಕಾಗದ ತಿದ್ದಿಸಿದ್ದು, ಜ್ವರ ಬಂದಾಗ ಗಂಜಿ ಕೊಟ್ಟದ್ದು, ಇಂಟರ್‌ವ್ಯೂಗೆ ಅಂಗಿ ಆರಿಸಿದ್ದು ಎಲ್ಲ ವಸಂತಿಯೇ. ಮಾತುಮಾತಿಗೂ ಅತ್ತಿಗೆ ಅತ್ತಿಗೆ ಎನ್ನುತ್ತಿದ್ದವನು ಈಗ ಏನು ಕೇಳಿದರೂ ಅಕ್ಷಿಯನ್ನು ಕೇಳಿ ಹೇಳುತ್ತೇನೆ ಅನ್ನುತ್ತಾನೆ. ಅದನ್ನು ಕೇಳಿದಾಗೆಲ್ಲ ವಸಂತಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ.

ಶನಿವಾರ ಹತ್ತು ಗಂಟೆಗೆ ಇಬ್ಬರೂ ಬಂದರು. ಅಕ್ಷಿತಾ ಚಹಾ ಕೂಡ ಕುಡಿಯದೆ ಕೂದಲು ಎತ್ತಿ ಕಟ್ಟಿ ಏಣಿ ಹತ್ತಿದಳು. ಎ.ಸಿ.ಯ ಸ್ವಿಚ್ಚು ಆರಿಸಿ, ಅದನ್ನು ಗೋಡೆಗೆ ಬಿಗಿದಿದ್ದ ಕಬ್ಬಿಣದ ತಗಡಿನಿಂದ ಮೆಲ್ಲನೆ ಎತ್ತಿ, ಪೈಪು ಜಗ್ಗದಂತೆ ಅಣ್ಣತಮ್ಮಂದಿರ ಕೈಗೆ ಕೊಟ್ಟಳು. ಗೋಡೆಯ ಹಳೆಯ ತೂತುಗಳು ಪುಡಿಯಾಗಿ ಅಗಲವಾಗಿದ್ದವು. ತಗಡನ್ನು ಸ್ವಲ್ಪ ಸರಿಸಿ ಹೊಸ ತೂತು ಕೊರೆಯಬೇಕು ಎಂದಳು. ಕೊರಗಪ್ಪ ಎ.ಸಿ. ಹೊತ್ತುಕೊಂಡೇ ಹೆಂಡತಿಗೆ ಪೊರಕೆ ತಂದಿಟ್ಟುಕೋ, ಧೂಳು ಬೀಳುತ್ತದೆ ಎಂದ. ವಸಂತಿ ಪೊರಕೆ ತಂದು ಮೂಲೆಯಲ್ಲಿ ನಿಂತಳು.

ಎ.ಸಿ. ಆರಿಸಿದರೂ ಕರೆಂಟು ಹರಿಯುತ್ತಲೇ ಇರುವ ಮನೆಯ ವಯರು ಸಾಮಾನ್ಯವಾಗಿ ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ಹೋಗಿರುತ್ತದೆ. ಅಕ್ಷಿತಾ ಅದನ್ನು ಲೆಕ್ಕ ಹಾಕಿಯೇ ಒಂದು ಗೇಣು ಎಡಕ್ಕೆ ಪೆನ್ಸಿಲ್ ಗುರುತು ಹಾಕಿದಳು. ಆದರೆ ಈ ಗೋಡೆಯೊಳಗೆ ವಯರಿನ ಪೈಪು ಓರೆಯಾಗಿ ಎಡಕ್ಕೇ ಹೋಗಿತ್ತು. ಐದು ವರ್ಷದ ಹಿಂದೆ ತೇವ ಬಂದು ಗಾರೆ ಕೆತ್ತಿಸಿದ್ದಾಗ ವಸಂತಿ ಅದನ್ನು ಕಣ್ಣಾರೆ ಕಂಡಿದ್ದಳು. ಕೊರಗಪ್ಪ, ಸುಮಿತ್ ಇಬ್ಬರೂ ಆಗ ಡ್ಯೂಟಿಯಲ್ಲಿದ್ದರು. ಗುರುತು ಬಿದ್ದದ್ದು ಸರಿಯಾಗಿ ಪೈಪಿನ ಮೇಲೆ.

ವಸಂತಿ ಬಾಯಿ ತೆರೆಯಲಿಲ್ಲ.

ಬೀಳಲಿ ಒಂದು ಕಿಡಿ, ಇಡೀ ಮನೆ ಕತ್ತಲಾಗಲಿ, ಇವಳಿಗೂ ಎಲ್ಲ ಗೊತ್ತಿಲ್ಲ ಎಂದು ಇವರಿಬ್ಬರೂ ನೋಡಲಿ ಅನ್ನಿಸಿತು. ಅದಕ್ಕಿಂತ ಹೆಚ್ಚೇನೂ ಆಗದು ಎಂದು ತನಗೆ ತಾನೇ ಹೇಳಿಕೊಂಡಳು. ಡ್ರಿಲ್ ಗುರ್ರೆಂದಿತು. ಬೂದು ಪುಡಿ ಉದುರಿತು. ಆಗ ಅವಳ ಕಣ್ಣಿಗೆ ಬಿದ್ದದ್ದು ಅಕ್ಷಿತಾಳ ಎಡಗೈ. ಅದು ಕಬ್ಬಿಣದ ತಗಡನ್ನು ಒತ್ತಿ ಹಿಡಿದಿತ್ತು, ಬೆವರಿನಲ್ಲಿ ಒದ್ದೆಯಾಗಿತ್ತು.

ಕೂಗಿ ನಿಲ್ಲಿಸುವಷ್ಟು ಹೊತ್ತು ಇರಲಿಲ್ಲ. ವಸಂತಿ ಪೊರಕೆ ಬಿಸಾಡಿ ಬಾಗಿಲ ಬಳಿಯ ಕರೆಂಟಿನ ಪೆಟ್ಟಿಗೆಗೆ ಓಡಿ ಮೇನ್ ಸ್ವಿಚ್ಚು ಕೆಳಗೆ ಎಳೆದಳು. ಫ್ರಿಜ್ಜು, ದೀಪ, ಎಲ್ಲ ಒಮ್ಮೆಲೇ ನಿಂತವು. ಬ್ಯಾಟರಿಯ ಡ್ರಿಲ್ ಮಾತ್ರ ತಿರುಗುತ್ತಲೇ ಇತ್ತು.

"ನಿಲ್ಲಿಸು. ಅಲ್ಲಿ ವಯರು ಉಂಟು" ಎಂದಳು.

ಅಕ್ಷಿತಾ ನಿಲ್ಲಿಸಿ, ತೂತಿನ ಅಂಚು ಕೆರೆದು, ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಪ್ಲಾಸ್ಟಿಕ್ ಪೈಪಿಗೆ ಡ್ರಿಲ್ಲಿನ ತುದಿ ಆಗಲೇ ಕಚ್ಚಿತ್ತು, ವಯರಿಗೆ ಇನ್ನೂ ತಾಗಿರಲಿಲ್ಲ. ಅತ್ತಿಗೆ ಇಲ್ಲದಿದ್ದರೆ ಇವತ್ತು ಕಥೆ ಮುಗಿಯುತ್ತಿತ್ತು ಎಂದು ಸುಮಿತ್ ಎರಡೆರಡು ಸಲ ಹೇಳಿದ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು ಅದು, ಆದರೆ ವಸಂತಿಗೆ ತಲೆಯೆತ್ತಲಾಗಲಿಲ್ಲ. ಪೈಪು ಹೋದ ದಾರಿಯನ್ನು ಅವಳೇ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಗೆರೆಯೆಳೆದು ತೋರಿಸಿದಳು. ಅಕ್ಷಿತಾ ಅದರಿಂದ ದೂರ ನಾಲ್ಕು ತೂತು ಕೊರೆದು, ಉದ್ದನೆಯ ಸ್ಕ್ರೂ ಬಿಗಿದು, ಎ.ಸಿ. ಕೂರಿಸಿದಳು. ವಸಂತಿ ಮೇನ್ ಸ್ವಿಚ್ಚು ಹಾಕಿದಾಗ ತಣ್ಣಗಿನ ಗಾಳಿ ಬಂತು. ಇನ್ನು ಹತ್ತು ವರ್ಷ ಇದು ಅಲ್ಲಾಡುವುದಿಲ್ಲ ಎಂದು ಕೊರಗಪ್ಪ ಅಕ್ಷಿತಾಳನ್ನು ಹೊಗಳಿದಾಗ ವಸಂತಿಗೆ ಮತ್ತೆ ಅದೇ ಹೊಟ್ಟೆಕಿಚ್ಚು ಎದ್ದಿತು. ಇಷ್ಟಾದರೂ ಹೋಗಿಲ್ಲವಲ್ಲ ಇದು ಎಂದು ಅವಳಿಗೇ ದಿಗಿಲಾಯಿತು.

ಅವಳು ಅಡುಗೆಮನೆಗೆ ಹೋಗಿ ಬಂಗುಡೆ ಮೀನಿನ ಸಾರಿನ ಪಾತ್ರೆ ಬಿಸಿಗಿಟ್ಟಳು. ಕೈ ತೊಳೆಯಲು ಬಂದ ಅಕ್ಷಿತಾ ನಲ್ಲಿ ನಿಲ್ಲಿಸಿ ಅಲ್ಲೇ ನಿಂತಳು.

"ಅಕ್ಕ, ನಾನು ಗುರುತು ಹಾಕುವಾಗಲೇ ನೀವು ನೋಡ್ತಾ ಇದ್ರಿ."

ಸುಳ್ಳು ಹೇಳಲು ಸುಲಭವಿತ್ತು. "ಹೌದು, ನೋಡ್ತಾ ಇದ್ದೆ. ಗೊತ್ತಿತ್ತು" ಎಂದಳು ವಸಂತಿ.

ಅಕ್ಷಿತಾ ತುಂಬಾ ಹೊತ್ತು ಬೆರಳುಗಳನ್ನು ಒರೆಸಿಕೊಂಡಳು.

"ನಾನು ಎಂತ ಅಡುಗೆ ಮಾಡಿದ್ರೂ ಇವರು ಅತ್ತಿಗೆಯ ಸಾರಿನ ಹಾಗೆ ಇಲ್ಲ ಅಂತಾರೆ. ಎರಡು ವರ್ಷ ಆಯ್ತು, ಒಂದು ದಿನ ತಪ್ಪಲಿಲ್ಲ. ನಿಮ್ಮ ಹೆಸರು ಕೇಳಿದ್ರೆ ನನಗೆ ಉರಿ ಬರ್ತದೆ ಅಕ್ಕ" ಎಂದಳು. ಅವಳು ನಗುತ್ತಿರಲಿಲ್ಲ.

ವಸಂತಿಗೆ ಮೊದಲು ಆದದ್ದು ಸಂತೋಷ, ಮರುಕ್ಷಣವೇ ನಾಚಿಕೆ. ಮಸಾಲೆ ಹೇಗೆಂದು ಅಕ್ಷಿತಾ ಕೇಳಲಿಲ್ಲ, ವಸಂತಿ ಹೇಳಲೂ ಇಲ್ಲ. ಅಷ್ಟು ದೊಡ್ಡ ಮನಸ್ಸು ಆ ದಿನ ಇಬ್ಬರಲ್ಲೂ ಇರಲಿಲ್ಲ. ಒಬ್ಬಳು ತಟ್ಟೆಗಳನ್ನು ಎತ್ತಿಕೊಂಡಳು, ಇನ್ನೊಬ್ಬಳು ಸಾರಿನ ಪಾತ್ರೆ ಹಿಡಿದು ಹಿಂದೆ ಹೊರಟಳು.