ಅಂಗಿಯೋ ಕ್ಲಿಪ್ಪೋ

ಬಣ್ಣದ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ ನನ್ನ ಗಂಡನ ಸಾವಿಗೆ ವಿಚಾರಣೆಯ ವರದಿಯಲ್ಲಿ ಎರಡು ಕಾರಣ ಬರೆದಿದ್ದರು. ಒಂದು, ಥಿನ್ನರ್ ಪೀಪಾಯಿಯನ್ನು ನೆಲಕ್ಕೆ ಜೋಡಿಸುವ ತಂತಿಯ ಕ್ಲಿಪ್ಪು ಹಾಕಿರಲಿಲ್ಲ. ಎರಡು, ಕೆಲಸಗಾರ ಹತ್ತಿಯ ಸಮವಸ್ತ್ರ ಬಿಟ್ಟು ನೈಲಾನ್ ಅಂಗಿ ತೊಟ್ಟಿದ್ದ. ಯಾವುದರಿಂದ ಕಿಡಿ ಹಾರಿತು ಎಂದು ಬರೆದಿರಲಿಲ್ಲ.

ಕ್ಲಿಪ್ಪು ಹಾಕಬೇಕಾಗಿದ್ದವನು ಕಾರ್ಖಾನೆಯ ಮೇಸ್ತ್ರಿ. ಅಂಗಿ ಕೊಡಿಸಿದವಳು ನಾನು.

ಅತ್ತೆ ಅಂಗಿಯನ್ನು ಆರಿಸಿಕೊಂಡರು.

"ಸೊಸೆ ಫಿಸಿಕ್ಸ್ ಓದಿದಾಳೆ ಅಂತ ಕಂಡಕಂಡವರ ಹತ್ರ ಹೇಳ್ಕೊಂಡು ತಿರುಗಿದೆ. ಓದಿದ್ದು ಯಾವ ಪುರುಷಾರ್ಥಕ್ಕೆ? ಅದನ್ನ ಹಾಕ್ಕೊಂಡು ಹೋಗ್ಬೇಡಿ ಅನ್ನೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಕ್ಲಿಪ್ಪು ಹಾಕಿದ್ರೆ ಬದುಕ್ತಿದ್ರು ಅತ್ತೆ."

"ಕ್ಲಿಪ್ಪಂತೆ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಒಂದು ವರ್ಷ ದಿನಾ ಇದೇ ಮಾತು. ಅವರು ತಟ್ಟೆ ತೊಳೆಯುವಾಗ ಒಮ್ಮೆ, ಮಗನ ಚಪ್ಪಲಿ ಒರೆಸಿಡುವಾಗ ಒಮ್ಮೆ. ನನಗೆ ಬೇಕಾಗಿದ್ದುದು ಇಷ್ಟೇ: ಯಾರಾದರೂ ಒಬ್ಬರು ಕ್ಲಿಪ್ಪು ಅನ್ನಬೇಕಿತ್ತು.

ನಾನು ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನಗುವುದಿಲ್ಲ, ಬೈಯುವುದೂ ಇಲ್ಲ ಎಂದು ಮಕ್ಕಳು ಕಲ್ಲು ಮಿಸ್ ಅನ್ನುತ್ತಾರೆ. ಚಳಿಗಾಲದಲ್ಲಿ ಗಾಳಿ ಒಣಗಿದಾಗ ಸ್ಥಾಯಿ ವಿದ್ಯುತ್ತಿನ ಪಾಠ ಬಂತು. ಮೊದಲು ಬಾಚಣಿಗೆ, ಕಾಗದದ ಚೂರು.

"ಮಿಸ್, ಇವಳ ಬಾಚಣಿಗೆಗೆ ಕಾಗದ ಅಲ್ಲ, ಹೇನು ಅಂಟ್ಕೊಂಡು ಬರುತ್ತೆ!"

"ನಿನ್ನ ತಲೆಯಿಂದ ವಲಸೆ ಬಂದಿದ್ದೇ ಕಣೇ ಅವು."

ನಗು ಮುಗಿಯಲು ಬಿಟ್ಟು, ಲಾಯರಮ್ಮನನ್ನು ಕರೆದೆ. ಯಾವ ಮಾತನ್ನೂ ವಾದ ಮಾಡದೆ ಒಪ್ಪದವಳು ಎಂದು ಅವಳಿಗೆ ಆ ಹೆಸರು. ಮೇಸ್ತ್ರಿಯ ಮಗಳು.

ಪ್ರಯೋಗಶಾಲೆಯ ನಲ್ಲಿಯ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವಳನ್ನು ನಿಲ್ಲಿಸಿದೆ. ನಲ್ಲಿಯ ಕಬ್ಬಿಣದ ಕೊಳವೆ ನೆಲದೊಳಕ್ಕೆ ಇಳಿದಿದೆ, ಅದರ ಮೂಲಕ ಚಾರ್ಜು ಭೂಮಿಗೆ ಹರಿದುಹೋಗುತ್ತದೆ ಎಂದು ವಿವರಿಸಿದೆ. ಚೀಲದಿಂದ ನೈಲಾನ್ ಅಂಗಿ ತೆಗೆದೆ. ಅಂಗಡಿಯಲ್ಲಿ ಒಂದೇ ಬಗೆಯವು ಎರಡು ಕೊಂಡಿದ್ದೆ; ಇದು ಎರಡನೆಯದು. ಅದರಿಂದ ಅವಳ ಉಣ್ಣೆಯ ಸ್ವೆಟರನ್ನು ಬೆನ್ನುದ್ದಕ್ಕೂ ಉಜ್ಜಿದೆ. ಕಿವಿಯ ಪಕ್ಕದ ಕೂದಲು ಎದ್ದು ನಿಂತವು.

"ನಲ್ಲಿ ಮುಟ್ಟು."

ಚಟ್ ಎಂದಿತು. ಅವಳು ಕೂಗಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

"ಇನ್ನೊಂದು ಸಲ."

ಮೂರನೆಯ ಸಲ ಅವಳು ನಗಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಪಾಠಕ್ಕೆ ಒಂದು ಸಲ ಸಾಕಿತ್ತು.

ನಾನು ಪ್ರಶ್ನೆ ಕೇಳಿದೆ. "ಒಬ್ಬ ಪೀಪಾಯಿಯಿಂದ ಡಬ್ಬಗಳಿಗೆ ಥಿನ್ನರ್ ತುಂಬುತ್ತಿದ್ದಾನೆ. ನೈಲಾನ್ ಅಂಗಿ, ರಬ್ಬರ್ ಬೂಟು. ಪೀಪಾಯಿಗೆ ಕ್ಲಿಪ್ಪು ಹಾಕಿಲ್ಲ. ಅವನ ಬೆರಳು ಪೀಪಾಯಿಯ ಹತ್ತಿರ ಹೋಯಿತು, ಕಿಡಿ ಹಾರಿತು. ಏನಿದ್ದಿದ್ದರೆ ಬದುಕುತ್ತಿದ್ದ?"

ಆ ಮನುಷ್ಯ ಯಾರು, ಕ್ಲಿಪ್ಪು ಹಾಕದವನು ಯಾರ ಅಪ್ಪ, ಎಲ್ಲರಿಗೂ ಗೊತ್ತಿತ್ತು.

"ಕ್ಲಿಪ್ಪು ಮಿಸ್," ಹಿಂದಿನ ಬೆಂಚಿನಿಂದ ಮೆಲ್ಲಗೆ ಬಂತು.

"ನೀನು ಹೇಳು," ಎಂದೆ ಲಾಯರಮ್ಮನಿಗೆ. ಅವಳಿನ್ನೂ ಸ್ಟೂಲಿನ ಮೇಲೆಯೇ ಇದ್ದಳು.

ಅವಳು ಬೆರಳು ನೋಡಿಕೊಂಡಳು. ಆಮೇಲೆ ನಲ್ಲಿ ನೋಡಿದಳು.

"ಕ್ಲಿಪ್ಪಿದ್ರೂ ಪ್ರಯೋಜನ ಇರ್ಲಿಲ್ಲ ಮಿಸ್."

"ಯಾಕೆ?"

"ಕ್ಲಿಪ್ಪು ಹಾಕೋದು ಪೀಪಾಯಿಗೆ. ಚಾರ್ಜ್ ಇದ್ದಿದ್ದು ಅವರ ಮೈಮೇಲೆ. ಈ ನಲ್ಲಿ ನೆಲದೊಳಗೆ ಹೋಗಿದೆ ಅಂತ ನೀವೇ ಹೇಳಿದ್ರಿ. ಆದ್ರೂ ನನಗೆ ಮೂರು ಸಲ ಹೊಡೀತಲ್ಲ? ಪೀಪಾಯಿಗೆ ಕ್ಲಿಪ್ಪು ಹಾಕಿದ್ರೂ ಹಾಗೇ ಕಿಡಿ ಹಾರೋದು. ಹತ್ತಿ ಅಂಗಿ ಹಾಕಿದ್ರೆ ಹಾರ್ತಿರ್ಲಿಲ್ಲ ಅಲ್ವಾ?"

ಅಪ್ಪನನ್ನು ಉಳಿಸಲು ಹೇಳಿದ ಮಾತಲ್ಲ ಅದು. ಕಠಿಣ ಲೆಕ್ಕ ಬಿಡಿಸಿದವಳ ಹಾಗೆ ಅವಳ ಮುಖ ಅರಳಿತ್ತು. ಉತ್ತರ ಸರಿಯಾಗಿತ್ತು. ವರದಿ ಓದಿದ ದಿನದಿಂದ ನನಗೂ ಅದು ಗೊತ್ತಿತ್ತು.

"ತಪ್ಪು," ಎಂದೆ.

"ಆದ್ರೆ ಮಿಸ್, ನಲ್ಲಿ..."

"ಅಪ್ಪನ ಪರ ವಾದ ಮಾಡೋಕೆ ಇದು ಕೋರ್ಟಲ್ಲ. ಇಳಿ."

"ಲಾಯರಮ್ಮ ಕೇಸು ಸೋತ್ಲು!" ಯಾರೋ ಕೂಗಿದರು. ಬೆಂಚುಗಳನ್ನು ಬಡಿದರು.

ನಮ್ಮ ಶಾಲೆಯಲ್ಲಿ ತಪ್ಪು ಉತ್ತರ ಕೊಟ್ಟವರು ಸರಿ ಉತ್ತರವನ್ನು ಹತ್ತು ಸಲ ಬರೆದು, ಕೆಳಗೆ ಅಪ್ಪನ ಸಹಿ ಹಾಕಿಸಿ ತರಬೇಕು. ನಾನು ಬೋರ್ಡಿನ ಮೇಲೆ ಬರೆದೆ: ಕ್ಲಿಪ್ಪು ಹಾಕಿದ್ದರೆ ಆ ಮನುಷ್ಯ ಬದುಕುತ್ತಿದ್ದ. ಎಲ್ಲರೂ ಬರೆದುಕೊಂಡರು.

ಮಾರನೆಯ ದಿನ ಅವಳು ಪುಸ್ತಕ ತಂದಳು. ಗುಂಡಗಿನ ಅಕ್ಷರ, ಹತ್ತು ಸಾಲು. ಕೆಳಗಿನ ಸಹಿಯನ್ನು ಒತ್ತಿ ಬರೆದು ಹಾಳೆ ಹರಿದಿತ್ತು.

"ಅಪ್ಪ ಏನಂದ್ರು?"

"ಹತ್ತೂ ಸಾಲು ಎರಡು ಸಲ ಓದಿದ್ರು ಮಿಸ್. ನಾನು ನಲ್ಲಿ ವಿಷಯ ಹೇಳ್ದೆ. ನಿಮ್ಮ ಮಿಸ್ ಓದಿದವರು, ಅವರು ಹೇಳಿದ್ಮೇಲೆ ಮುಗೀತು, ನೀನು ಬಾಯಿ ಮುಚ್ಚು ಅಂದ್ರು. ಊಟ ಮಾಡ್ಲಿಲ್ಲ. ಇವತ್ತು ಕೆಲಸಕ್ಕೂ ಹೋಗಿಲ್ಲ."

"ಕೂತ್ಕೋ," ಎಂದೆ.

ಪುಸ್ತಕವನ್ನು ಮನೆಗೆ ಒಯ್ದು ಅತ್ತೆಯ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಹತ್ತೂ ಸಾಲು ಓದಿದರು. ಸಹಿಯ ಮೇಲೆ ಬೆರಳಾಡಿಸಿದರು.

"ಇದು ಅವನದೇ ಸಹಿಯಾ?"

"ಹೌದು."

"ಹಾಗಾದ್ರೆ ಒಪ್ಕೊಂಡ."

"ಒಪ್ಕೊಂಡ ಅತ್ತೆ."

ಆ ಸಂಜೆ, ನನ್ನ ಗಂಡ ಹೋದ ಮೇಲೆ ಮೊದಲ ಬಾರಿಗೆ, ಅತ್ತೆ ನನಗೆ ಬಡಿಸಿದರು. "ಇನ್ನೊಂಚೂರು ಹಾಕ್ಕೋ, ಕಡ್ಡಿ ಆಗಿದೀಯ," ಎಂದರು. ನಾನು ಹಾಕಿಸಿಕೊಂಡು ಎಲ್ಲವನ್ನೂ ತಿಂದೆ.

ತಿಂಗಳ ಕೊನೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟೆ. ನಲವತ್ತೆರಡು ಮಕ್ಕಳೂ ಬೋರ್ಡಿನ ವಾಕ್ಯವನ್ನೇ ಬರೆದಿದ್ದರು. ಲಾಯರಮ್ಮ ಮಾತ್ರ ತನ್ನ ಹಾಳೆಯಲ್ಲಿ ಅದರ ಮೇಲ್ಗಡೆ ಎರಡು ಸಾಲು ಬರೆದು ಹೊಡೆದುಹಾಕಿದ್ದಳು. ಬೆಳಕಿಗೆ ಹಿಡಿದು ನೋಡಿದೆ. ನಲ್ಲಿ ಎಂಬ ಒಂದು ಪದ ಓದಲು ಬಂತು.

ಪೂರ್ತಿ ಅಂಕ ಕೊಟ್ಟೆ. ಕಾಟು ಹೊಡೆದು ಬರೆಯಬಾರದೆಂದು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬರೆದೆ.