ಮಾಂತ್ರಿಕೆಯ ಒಳಗಿನ ದನಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಏನೀಗ? ತಂಗಿಯ ಗಂಡನಂಥವನನ್ನು ಎದುರಿಗೆ ಕೂರಿಸಿಕೊಂಡರೆ ಕಲ್ಲಿಗೂ ಕೋಪ ಬರುತ್ತದೆ.

ರಜೆಯ ದಿನ ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾವು ಮೂವರು ಆಟ ಆಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ; ದಾಳ ಬಿದ್ದ ಹಾಗೆ ಕಥೆ ನಡೆಯುತ್ತದೆ. ನಾನು ಸಿಪಾಯಿ, ತಂಗಿ ಮಾಂತ್ರಿಕೆ, ಆಟ ನಡೆಸುವವನು ಅವಳ ಗಂಡ. ಮಾಂತ್ರಿಕೆಯ ಎದೆಯೊಳಗೆ ಒಂದು ಆತ್ಮ ಕೂತಿರುತ್ತದೆ, ದಿಕ್ಕು ತೋಚದಾಗ ದಾರಿ ಹೇಳುತ್ತದೆ. ಅದರ ಮಾತನ್ನು ಆಟ ನಡೆಸುವವನೇ ಆಡಬೇಕೆಂಬುದು ನಿಯಮ. ಅವನೋ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಆಸಾಮಿ.

ತಂಗಿ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಊರಿನ ಆ ತುದಿಯಲ್ಲಿ ತೆರೆಯುವ ಹೊಸ ಬೇಕರಿಯನ್ನು ನೀನೇ ನೋಡಿಕೋ ಎಂದು ಮಾಲಕಿ ಕೇಳಿದ್ದಳು. ಅಂದು ಸಂಜೆಯೊಳಗೆ ಉತ್ತರ ಕೊಡಬೇಕಿತ್ತು.

"ಹೂಂ ಅಂದೆ ತಾನೇ?" ಎಂದೆ, ದಾಳ ಹೊರತೆಗೆಯುವ ಮೊದಲೇ.

"ಬೇಡ ಅನ್ಸುತ್ತೆ ಅಕ್ಕ. ಯಾಕೋ ಒಳಗಿಂದ ಒಂದು ದನಿ ಹೇಳ್ತಾ ಇದೆ. ಹಚ್ಚಿದ ದೀಪ ಬಿಟ್ಟು ಬೆಟ್ಟದ ಬೆಂಕಿಗೆ ಓಡಬೇಡ ಅಂತ."

ಆ ಮಾತನ್ನು ಕಳೆದ ವಾರ ಇದೇ ಮೇಜಿನಲ್ಲಿ ಕೇಳಿದ್ದೆ. ಮಾಂತ್ರಿಕೆ ಗೋಪುರ ಹತ್ತಲು ಹೊರಟಾಗ ಆತ್ಮ ಅವಳನ್ನು ತಡೆದದ್ದು ಇದೇ ಮಾತಿನಿಂದ, ಒಂದಕ್ಷರವೂ ಬದಲಾಗಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಏನ್ರೀ, ನಾಚಿಕೆ ಆಗಲ್ವಾ ನಿಮಗೆ?" ಎಂದು ಅವನ ಮೇಲೆ ಹರಿಹಾಯ್ದೆ. "ಹೋಗಬೇಡ ಅಂತ ನೇರ ಹೇಳೋಕೆ ಧೈರ್ಯ ಇಲ್ಲ, ಆತ್ಮದ ಬಾಯಲ್ಲಿ ಹೇಳಿಸ್ತೀರಾ?"

"ಆಟ ಅತ್ತಿಗೆ, ಆಟ," ಎಂದು ನಕ್ಕ. "ನಾನು ಒಂದು ದಿನನಾದ್ರೂ ಹೋಗ್ಬೇಡ ಅಂದಿದೀನಾ? ಅವಳನ್ನೇ ಕೇಳಿ."

"ಅದೇ ರೀ ನಾನು ಹೇಳ್ತಿರೋದು! ಅಂದಿದ್ರೆ ಅವಳು ಜಗಳ ಆಡ್ತಿದ್ಲು. ತನ್ನ ಮನಸ್ಸಿನ ಜೊತೆ ಯಾರು ಜಗಳ ಆಡ್ತಾರೆ?"

ಅವನ ನಗು ಇಂಗಿತು. "ಹಾಗಾದ್ರೆ ಇವತ್ತು ಆತ್ಮ ನೀವೇ ಆಗಿ," ಎಂದು ದಾಳಗಳನ್ನು ನನ್ನತ್ತ ತಳ್ಳಿದ.

ನಾನು ಬಿಡುತ್ತೇನೆಯೇ? "ಏಳೇ ಮಾಂತ್ರಿಕೆ! ಇಲ್ಲೇ ಕೂತರೆ ಕೊಳೆತು ಹೋಗ್ತೀಯ. ನಮ್ಮನೇಲಿ ಒಬ್ಬಳಾದ್ರೂ ಮೇಲೆ ಬರಬೇಕು, ಈಗಲೇ ಫೋನ್ ಮಾಡು, ನಾನು ಹೇಳ್ತಿದೀನಿ..."

"ಬಾಯಿ ಮುಚ್ಚಿ ಇಬ್ರೂ!"

ತಂಗಿ ಗುದ್ದಿದ ಗುದ್ದಿಗೆ ಮೇಜಿನ ಮೇಲಿದ್ದ ಕತ್ತರಿ ಕೆಳಗೆ ಬಿತ್ತು. ಅವಳಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ಕಂಡೇ ಇರಲಿಲ್ಲ.

"ನನ್ನೊಳಗೆ ನನ್ನೊಬ್ಬಳನ್ನ ಬಿಟ್ಟು ಊರೋರೆಲ್ಲ ಮಾತಾಡ್ತಾರೆ. ಸರೀರಿ ಆಚೆ. ಆ ಆತ್ಮನ ನಾನೇ ಆಡ್ತೀನಿ."

ಗಂಡ ನಿಯಮ ಹೇಳಲು ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಹಾಗೇ ಮುಚ್ಚಿದ. ಅವಳು ಕಣ್ಣು ಮುಚ್ಚಿಕೊಂಡು, ತನ್ನದೇ ಮಾಮೂಲು ದನಿಯಲ್ಲಿ ತನ್ನನ್ನೇ ಕೇಳಿಕೊಂಡಳು.

"ನಿನಗೇನು ಬೇಕೇ?"

ಇಷ್ಟು ದಿನ ನಾವಿಬ್ಬರೂ ಅವಳನ್ನು ಕೇಳದೇ ಬಿಟ್ಟದ್ದು ಅದೊಂದನ್ನೇ. ನನಗೆ ತಲೆ ಎತ್ತಲಾಗಲಿಲ್ಲ.

ಅವಳು ಕಣ್ಣು ತೆರೆದು, ಫೋನ್ ತೆಗೆದು ಮಾಲಕಿಗೆ, "ಹೊಸ ಬೇಕರಿ ನಾನೇ ನೋಡ್ಕೋತೀನಿ ಅಮ್ಮಾ," ಎಂದಳು. ಗೆದ್ದೆ ಎಂದುಕೊಂಡು ಅವಳ ಗಂಡನತ್ತ ತಿರುಗುತ್ತಿದ್ದೆ. ಅಷ್ಟರಲ್ಲಿ ತಂಗಿ ನನ್ನತ್ತಲೇ ಬೆರಳು ತೋರಿಸಿದಳು.

"ನೀನು ಹೇಳ್ದೆ ಅಂತ ಅಲ್ಲ ಅಕ್ಕ. ತಿಳೀತಾ?"